ಗೋಣಿಚೀಲದ ಇಪ್ಪತ್ತಾರು ನಿಮಿಷ

ಸಂಶಯವನ್ನು ಜನರು ಒಂದು ದುರ್ಗುಣವೆಂದು ಏಕೆ ತಿಳಿಯುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಪರೀಕ್ಷಾ ಕೊಠಡಿಗಳಲ್ಲಿ ಕಾವಲು ಕಾದು, ಗಂಟಲು ಕೆಟ್ಟ ಕಾರಣಕ್ಕೆ ಐವತ್ತರ ವಯಸ್ಸಿನಲ್ಲೇ ಸ್ವಯಂ ನಿವೃತ್ತಿ ಪಡೆದು ಮಾಲೂರಿನಲ್ಲಿ ನೆಲೆಸಿರುವ ನನ್ನಂಥವನಿಗೆ ಸಂಶಯವೆಂಬುದು ಕನ್ನಡಕದಂತೆ ಒಂದು ಸಲಕರಣೆ. ಅದನ್ನು ತೆಗೆದಿಟ್ಟರೆ ಎದುರಿಗಿರುವುದು ಕಾಣುವುದಿಲ್ಲ. ಎದ್ದು ನಿಂತು ನೀರು ಕೇಳುವ ವಿದ್ಯಾರ್ಥಿಗೆ ಬಾಯಾರಿಕೆಯಾಗಿರಬಹುದು, ನಿಜ. ಆದರೆ ಆಗಿರದೆಯೂ ಇರಬಹುದು. ಈ ಎರಡನೆಯ ವಾಕ್ಯವನ್ನು ಮರೆತವನು ಮೇಷ್ಟರಾಗಲು ತಕ್ಕವನಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಇಷ್ಟು ಪೀಠಿಕೆಯನ್ನು ಹಾಕಲು ಕಾರಣ ನನ್ನ ಕ್ಯಾಮೆರಾ. ಇದು ಮೊಬೈಲಿನೊಳಗೆ ಅಡಗಿ ಕುಳಿತಿರುವ ಕ್ಯಾಮೆರಾ ಅಲ್ಲ. ಅಂಗೈಗೆ ಪಟ್ಟಿ ಬಿಗಿದು ಹಿಡಿಯುವ, ಪಕ್ಕದ ಬಾಗಿಲು ತೆರೆದರೆ ಎಂಟು ಸೆಂಟಿಮೀಟರಿನ ಪುಟ್ಟ ಡಿಸ್ಕನ್ನು ನುಂಗುವ, ನುಂಗಿದ ಮೇಲೆ ಅಜೀರ್ಣವಾದವರಂತೆ ಗೊರಗುಟ್ಟುವ ವಿಡಿಯೋ ಕ್ಯಾಮೆರಾ. ಹದಿನಾರು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡದ್ದು. ಟೇಪಿನದು, ಕಾರ್ಡಿನದು, ಡಿಸ್ಕಿನದು ಎಂದು ಅಂಗಡಿಯವನು ಮೂರು ಬಗೆಗಳನ್ನು ಎದುರಿಗಿಟ್ಟಿದ್ದ. ಟೇಪಿಗೆ ಬೂಷ್ಟು ಹಿಡಿಯುತ್ತದೆ ಎಂದ. ಕಾರ್ಡಿನಲ್ಲಿ ತೆಗೆದದ್ದನ್ನು ಯಾರು ಬೇಕಾದರೂ ಅಳಿಸಬಹುದು ಎಂದ. ಈ ಡಿಸ್ಕಿನಲ್ಲಿ ಮಾತ್ರ ಒಮ್ಮೆ ಬರೆದದ್ದು ಬರೆದಂತೆಯೇ ಇರುತ್ತದೆ, ಅಳಿಸಲು ಬರುವುದಿಲ್ಲ ಎಂದ. ಅವನು ಅದನ್ನು ದೋಷವೆಂದು ಹೇಳುತ್ತಿದ್ದ. ನಾನು ಅಲ್ಲಿಯೇ ತೀರ್ಮಾನಿಸಿದೆ. ಪೆನ್ಸಿಲಿನಲ್ಲಿ ಉತ್ತರ ಬರೆಯುವವನನ್ನು ನಾನು ಎಂದೂ ನಂಬಿದವನಲ್ಲ.

ಆ ದಿನದಿಂದ ಇಂದಿನವರೆಗೆ ಎಪ್ಪತ್ತಮೂರು ಡಿಸ್ಕುಗಳಾಗಿವೆ. ಒಂದೊಂದೂ ಮೂವತ್ತು ನಿಮಿಷದ್ದು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಸ್ಥಳ, ಸಂದರ್ಭ; ಇವನ್ನು ದಾಖಲಿಸಲು ರಟ್ಟಿನ ಹೊದಿಕೆಯ ಒಂದು ಪುಸ್ತಕ. ಕ್ಯಾಮೆರಾವನ್ನು ನನ್ನ ಹೊರತು ಬೇರೆಯವರು ಮುಟ್ಟುವಂತಿಲ್ಲ. ಹೆಂಡತಿ ರತ್ನ ಒಮ್ಮೆ ಅದರ ಧೂಳು ಒರೆಸಿದಾಗ ಒಂದು ವಾರ ನಾನು ಅದರ ಗಾಜನ್ನು ಬೆಳಕಿಗೆ ಹಿಡಿದು ಗೀರು ಹುಡುಕಿದ್ದೆ. ಗೀರು ಇರಲಿಲ್ಲ, ಅದು ಬೇರೆ ಮಾತು.

ಯಂತ್ರಕ್ಕೆ ವಯಸ್ಸಾಗಿದೆ ಎಂಬುದನ್ನು ಒಪ್ಪುತ್ತೇನೆ. ಬ್ಯಾಟರಿ ಐದು ನಿಮಿಷಕ್ಕೆ ಉಸಿರು ಬಿಡುತ್ತದೆ, ಆದ್ದರಿಂದ ಗೋಡೆಯ ಕರೆಂಟಿಗೆ ಸಿಕ್ಕಿಸಿಯೇ ನಡೆಸಬೇಕು. ಅದರೊಳಗಿನ ಸ್ಪೀಕರು ಕೊಂಡ ವರ್ಷವೇ ಸತ್ತಿತು. ಚಿತ್ರ ಸರಿಯಾಗಿ ಬಂದಿದೆಯೇ ಎಂದು ಅದರ ಪುಟ್ಟ ಪರದೆಯಲ್ಲಿ ಮೂಕವಾಗಿಯೇ ನೋಡಿ, ಪುಸ್ತಕದಲ್ಲಿ ಸರಿ ಗುರುತು ಹಾಕುತ್ತೇನೆ. ಚಿತ್ರ ತೆಗೆಯುವಾಗ ಸ್ಥಳ, ಹಾಜರಿರುವವರು, ನಡೆಯುತ್ತಿರುವ ಕಾರ್ಯ ಇವನ್ನು ಮೆಲುದನಿಯಲ್ಲಿ ಹೇಳುವ ಅಭ್ಯಾಸ ನನಗುಂಟು. ಮುಂದೆ ನೋಡುವವರಿಗೆ ಗೊಂದಲವಾಗಬಾರದಲ್ಲ. ಉಳಿದ ವಿಚಾರಗಳನ್ನು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತೇನೆ. ಹಾಗೆಂದು ನಾನು ತಿಳಿದಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ರತ್ನಳ ತಮ್ಮ ನಾಗೇಂದ್ರಾಚಾರಿ ಶಿವಾರಪಟ್ಟಣದಲ್ಲಿ ಶಿಲ್ಪಿ. ನಾವೆಲ್ಲ ಅವನನ್ನು ನಾಗ ಎನ್ನುತ್ತೇವೆ. ಒಳ್ಳೆಯ ಕೈ, ಕಡಿಮೆ ಮಾತು. ಕಡಿಮೆ ಮಾತಿನವರ ಬಗ್ಗೆ ನನ್ನ ಅಭಿಪ್ರಾಯವೇನೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಯವರು ತಮ್ಮ ಹೊಸ ಗುಡಿಗೆ ವೇಣುಗೋಪಾಲನ ವಿಗ್ರಹ ಬೇಕೆಂದು ಅವನನ್ನು ಕೇಳಿದ್ದರು. ಎಂಟು ತಿಂಗಳ ಕೆಲಸ. ಕೊಳಲು ಹಿಡಿದ ಕೃಷ್ಣನನ್ನು ಕಡೆಯುವುದರ ಕಷ್ಟ ಮೊಣಕೈಯಲ್ಲಿದೆಯಂತೆ: ಎರಡು ಕೈಗಳೂ ಮೈಬಿಟ್ಟು ಹೊರಗೆ ಚಾಚಿರುತ್ತವೆ, ಕಲ್ಲು ಅಲ್ಲಿ ತೆಳುವಾಗುತ್ತದೆ, ಒಂದು ಏಟು ಹೆಚ್ಚಾದರೆ ದೇವರು ಭಿನ್ನವಾಗುತ್ತಾನೆ. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ. ಅದಕ್ಕೆ ಬಾವಿಯೋ ಕೆರೆಯೋ ಗತಿ.

ವಿಗ್ರಹವನ್ನು ಒಪ್ಪಿಸುವ ದಿನ ಒಂದು ಪದ್ಧತಿಯಿದೆ. ಕೊಳ್ಳುವವರ ಎದುರಿಗೆ ಶಿಲ್ಪಿ ಚಿಕ್ಕ ಸುತ್ತಿಗೆಯಿಂದ ಕಲ್ಲನ್ನು ಅಂಗಾಂಗವಾಗಿ ತಟ್ಟಿ ತೋರಿಸಬೇಕು. ಬಿರುಕಿಲ್ಲದ ಕಲ್ಲು ಗಂಟೆಯಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಮಡಕೆಯ ದನಿ ಬರುತ್ತದೆ. ಆ ದಿನ ಬೈರಕೂರಿನಿಂದ ಗುಡಿ ಸಮಿತಿಯ ನಾಲ್ವರು ಬಂದಿದ್ದರು. ಅವರ ಹಿರಿಯ ಚಿಕ್ಕಮುನಿಯಪ್ಪ ಟೊಮೇಟೊ ಬೆಳೆಗಾರ, ಹೆಗಲ ಮೇಲೆ ಕೆಂಪು ಟವೆಲು. ರತ್ನ ಮುಂಚಿನ ದಿನವೇ ಹೇಳಿದ್ದಳು: “ನಾಗನ ದೊಡ್ಡ ಕೆಲ್ಸ ರೀ. ಹೋಗಿ ಒಂದಿಷ್ಟು ವಿಡಿಯೋ ತೆಗ್ದು ಬನ್ನಿ.” ಹೋದೆ. ಕಲ್ಲು ಕೊಯ್ಯುವ ಯಂತ್ರದ ಪಕ್ಕದ ಪ್ಲಗ್ಗಿಗೆ ಕ್ಯಾಮೆರಾ ಸಿಕ್ಕಿಸಿದೆ. ವೈರು ಮೋಟು, ಹೆಚ್ಚು ಅತ್ತಿತ್ತ ಹೋಗುವಂತಿರಲಿಲ್ಲ. ಆದರೂ ಕ್ಯಾಮೆರಾದ ಕುತ್ತಿಗೆ ಹೊರಳಿಸಿದ್ದರೆ ವಿಗ್ರಹ ಸಿಗುತ್ತಿತ್ತೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನನ್ನ ದೃಷ್ಟಿ ಹೋದದ್ದು ಬೇರೆಡೆಗೆ. ಮೂಲೆಯಲ್ಲಿ ಸೊಂಟದೆತ್ತರದ ವಸ್ತುವೊಂದರ ಮೇಲೆ ಗೋಣಿಚೀಲ ಹೊದಿಸಿಟ್ಟಿತ್ತು. ಇನ್ನೊಂದು ವಿಗ್ರಹವೇ? ತೋರಿಸುವುದೊಂದು, ಗಾಡಿಗೆ ಏರಿಸುವುದೊಂದೇ? ನನ್ನ ಪರೀಕ್ಷಾ ಕೊಠಡಿಯ ಅನುಭವ ಹೇಳುವುದಿಷ್ಟೆ: ಎಲ್ಲರೂ ನೋಡುತ್ತಿರುವ ಕಡೆ ಏನೂ ನಡೆಯುವುದಿಲ್ಲ. ಕ್ಯಾಮೆರಾವನ್ನು ಗೋಣಿಯ ಕಡೆಗೆ ತಿರುಗಿಸಿ, ಓರೆಗಣ್ಣಿನಿಂದ ಉಳಿದವರನ್ನೂ ಗಮನಿಸುತ್ತ, ಇಪ್ಪತ್ತಾರು ನಿಮಿಷ ಕಾದೆ. ಗೋಣಿ ಅಲುಗಲಿಲ್ಲ. ಅದೂ ಸಂಶಯಾಸ್ಪದವಾಗಿಯೇ ಕಂಡಿತು.

ವಿಗ್ರಹ ಹುಲ್ಲಿನ ಹಾಸಿಗೆಯ ಮೇಲೆ ಮಲಗಿ ಟೆಂಪೋದಲ್ಲಿ ಬೈರಕೂರಿಗೆ ಹೋಯಿತು. ಹನ್ನೆರಡು ದಿನಗಳ ಮೇಲೆ ಒಂದು ಬೆಳಿಗ್ಗೆ ನಾಗನ ಫೋನು. ಫೋನು ಎತ್ತಿದ ರತ್ನ ಅರ್ಧ ಕೇಳಿ ಅದನ್ನು ನನ್ನ ಕೈಗೆ ತುರುಕಿದಳು. ಪ್ರತಿಷ್ಠೆಗೆ ಮುನ್ನ ವಿಗ್ರಹವನ್ನು ನೀರಿನಲ್ಲಿ ಇಡುವ ಜಲಾಧಿವಾಸದ ವಿಧಿಯಿದೆಯಲ್ಲ, ಅದು ಮುಗಿದು ಮೇಲೆತ್ತಿದಾಗ ಮೈಯೆಲ್ಲ ಒಣಗಿದರೂ ಬಲ ಮೊಣಕೈಯಲ್ಲಿ ನೂಲಿನಂಥ ಒಂದು ಗೆರೆ ಮಾತ್ರ ಕಪ್ಪಗೆ ಉಳಿಯಿತಂತೆ. ಚಿಕ್ಕಮುನಿಯಪ್ಪ ಅದನ್ನು ಕಂಡು, “ಆಚಾರಿ ಬಿರುಕಿಗೆ ಗೋಂದು, ಕಲ್ಪುಡಿ ಮೆತ್ತಿ ಕೊಟ್ಟವ್ನೆ, ನೀರಿಗೆ ಬಿದ್ಮೇಲೆ ಕರಗೈತೆ” ಎಂದನಂತೆ.

ನಾಗ ಫೋನಿನಲ್ಲಿ ಅಳುವುದೊಂದು ಬಾಕಿ. “ಅದು ಕಲ್ಲಿನ ನರ ಬಾವಾ, ಹುಟ್ಟುಗೆರೆ, ಬಿರುಕಲ್ಲ. ತಟ್ಟಿದ್ರೆ ಗೊತ್ತಾಗ್ಬಿಡುತ್ತೆ. ಆದ್ರೆ ಅರ್ಚಕ್ರು ತಟ್ಟೋಕೆ ಬಿಡ್ತಿಲ್ಲ. ಅಧಿವಾಸಕ್ಕೆ ಇಳಿಸಿದ್ಮೇಲೆ ದೇವ್ರ ಕಣ್ ತೆರೆಯೋವರ್ಗೂ ಉಳಿ ಸುತ್ತಿಗೆ ತಾಗಿಸ್ಬಾರ್ದಂತೆ. ಏಂ ಚೇಯಾಲಿ ಬಾವಾ, ಏನ್ ಮಾಡ್ಲಿ? ನಾಳಿದ್ದು ಪ್ರತಿಷ್ಠೆ. ಭಿನ್ನ ಅಂತ ಬಾವಿಗೆ ಹಾಕಿದ್ರೆ ಇನ್ನು ಈ ಸೀಮೇಲಿ ಯಾರೂ ನನ್ ಕೈಲಿ ಒಂದು ಮೆಟ್ಟಿಲ್ಗಲ್ಲೂ ಕಡೆಸಲ್ಲ.”

“ಆ ದಿನ ಅವರ ಎದುರಿಗೇ ತಟ್ಟಿದೆಯಲ್ಲ?” ಎಂದೆ.

“ಮೊಣಕೈ ತಟ್ಟೋವಾಗ ಚಿಕ್ಕಮುನಿಯಪ್ಪನವ್ರಿಗೆ ಟೊಮೇಟೊ ಮಂಡಿಯಿಂದ ಫೋನ್ ಬಂತು, ಆಚೆ ಹೋಗಿದ್ರು. ನಾನ್ ಕೇಳ್ಲಿಲ್ಲ ಅಂತಾರೆ. ಉಳಿದೋರು ಮೊಬೈಲಲ್ಲಿ ತೆಗ್ದಿದ್ರು. ಆದ್ರೆ ಸ್ಟೇಟಸ್ ಹಾಕೋಕೆ ಮೇಲೆ ಸಿನಿಮಾ ಹಾಡು ಅಂಟಿಸಿ, ಹಳೇದು ಅಳಿಸ್ಬಿಟ್ಟವ್ರೆ. ಈಗ ನಿಮ್ಮ ಡಿಸ್ಕೊಂದೇ.”

ಹದಿನಾರು ವರ್ಷಗಳಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಎದೆ ಉಬ್ಬಬೇಕಾದ ಗಳಿಗೆ. ಉಬ್ಬಲಿಲ್ಲ, ಏಕೆಂದರೆ ಗೋಣಿಯ ನೆನಪಾಯಿತು. “ಚಿತ್ರ ಅಷ್ಟೇನೂ ಸ್ಪಷ್ಟವಾಗಿಲ್ಲ,” ಎಂದೆ. “ಚಿತ್ರ ಯಾಕೆ ಬಾವಾ? ನಾದ ಸಾಕು,” ಎಂದ ನಾಗ.

ಸ್ಪೀಕರು ಸತ್ತ ಕ್ಯಾಮೆರಾ ನಾದವನ್ನು ಹಿಡಿದಿದೆಯೋ ಇಲ್ಲವೋ ಎಂಬುದು ನನಗೇ ಗೊತ್ತಿರಲಿಲ್ಲ. ಡಿಸ್ಕು, ಕ್ಯಾಮೆರಾ ಎರಡನ್ನೂ ಚೀಲಕ್ಕೆ ಹಾಕಿಕೊಂಡು, ರತ್ನಳೊಡನೆ ಬಸ್ಸು ಹತ್ತಿ ಕೋಲಾರದಲ್ಲಿ ಇಳಿದು, ಹಳೆಯ ಬಸ್ ನಿಲ್ದಾಣದ ಹಿಂದಿನ ಖಾದರ್ ಸಾಹೇಬರ ಸ್ಟುಡಿಯೋಗೆ ಹೋದೆ. ಡಿಸ್ಕಿನಿಂದ ಒಂದು ನಕಲು ತೆಗೆಸಿಕೊಂಡರೆ ಕ್ಯಾಮೆರಾವನ್ನು ಪರಸ್ಥಳದ ಜನರ ಮಧ್ಯೆ ಬಿಚ್ಚುವ ಅಪಾಯ ತಪ್ಪುತ್ತದೆಂಬುದು ನನ್ನ ಎಣಿಕೆ. ಸಾಹೇಬರು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ಕನ್ನಡಕ ಮೇಲೆತ್ತಿ, “ಖಾಲಿ ಸಾರ್,” ಎಂದರು.

“ಖಾಲಿಯಾಗಿರಲು ಸಾಧ್ಯವೇ ಇಲ್ಲ. ನಾನು ಕೊಟ್ಟ ಡಿಸ್ಕು ಇದೇ ಹೌದೇ?” ಎಂದು ಕೇಳಿದೆ.

“ಸಾರ್, ನೀವು ಕೊಟ್ಟು ಒಂದು ನಿಮಿಷ ಆಗಿಲ್ಲ. ನಾನು ಎದ್ದಿಲ್ಲ, ನೀವು ಕಣ್ಣು ತೆಗ್ದಿಲ್ಲ.”

“ಕೈ ಮೇಜಿನ ಕೆಳಗೆ ಹೋಗಿತ್ತು.”

“ಮಂಡಿ ಕೆರ್ಕೊಂಡೆ ಸಾರ್!” ಎಂದರು ಸಾಹೇಬರು, ಎರಡು ಕೈಗಳನ್ನೂ ಮೇಜಿನ ಮೇಲಿಟ್ಟು. ಕೋಪ ಮಾಡಿಕೊಳ್ಳದ ಸ್ವಭಾವ ಅವರದು. ಡಿಸ್ಕನ್ನು ಬೆಳಕಿಗೆ ತಿರುಗಿಸಿ, ಅದರ ಮೈಮೇಲಿನ ಬಣ್ಣ ಬದಲಾದ ಉಂಗುರವನ್ನು ತೋರಿಸಿದರು. “ನೋಡಿ, ಒಳಗೆ ಮಾಲಿದೆ. ಆದ್ರೆ ನೀವು ಮುಚ್ಚಿಲ್ಲ. ಈ ಜಾತಿ ಡಿಸ್ಕಿಗೆ ಕೊನೇಲಿ ಫೈನಲೈಸ್ ಅಂತ ಒತ್ತಬೇಕು. ಅಲ್ಲೀವರ್ಗೂ ತೆಗ್ದ ಕ್ಯಾಮ್ರಾ ಬಿಟ್ರೆ ದುನಿಯಾದಲ್ಲಿ ಯಾವ ಮಿಷನ್ನಿಗೂ ಇದು ಖಾಲೀನೇ. ಪುಸ್ತಕದಲ್ಲಿ ಬರ್ದಿರ್ತಾರಲ್ಲ ಸಾರ್, ಓದ್ಲಿಲ್ವಾ?”

ಓದಿದ್ದೆ. ಆ ಇಂಗ್ಲಿಷ್ ಕೈಪಿಡಿಯನ್ನು ಮೊದಲ ಪುಟದಿಂದ ಗೆರೆ ಎಳೆದು ಓದಿದ್ದೆ. ಎಂಬತ್ತನೆಯ ಪುಟದಲ್ಲಿ ಒಂದು ವಾಕ್ಯದ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಾಣಿಕೆಯಿಲ್ಲದ್ದನ್ನು ಕಂಡು, ಇಂಥವರಿಂದ ಕಲಿಯಬೇಕಾದದ್ದು ಏನೂ ಇಲ್ಲವೆಂದು ಮುಚ್ಚಿಟ್ಟಿದ್ದೆ. ಫೈನಲೈಸಿನ ವಿಚಾರ ಎಂಬತ್ತೆರಡನೆಯ ಪುಟದಲ್ಲಿತ್ತೆಂಬುದು ಮನೆಗೆ ಹಿಂದಿರುಗಿದ ಮೇಲೆ ತಿಳಿಯಿತು. “ಈಗ ಒತ್ತಿಬಿಡೋಣ ಸಾರ್, ಕಾಲು ಗಂಟೆ,” ಎಂದರು ಸಾಹೇಬರು. “ಮಧ್ಯದಲ್ಲಿ ಕರೆಂಟು ಹೋಗಿ ಡಿಸ್ಕೇ ಕೆಟ್ಟರೆ?” ಎಂದೆ. ಅವರು ಮೇಲೆ ನೋಡಿದರು. ಫ್ಯಾನು ಆಗಲೇ ನಿಧಾನವಾಗುತ್ತಿತ್ತು. ಡಿಸ್ಕನ್ನು ಕಿಸೆಗೆ ಹಾಕಿಕೊಂಡು ಹೊರಬಿದ್ದೆ. ಕ್ಯಾಮೆರಾವನ್ನೇ ಬೈರಕೂರಿಗೆ ಒಯ್ಯದೆ ಬೇರೆ ದಾರಿಯಿರಲಿಲ್ಲ. ಮುಳಬಾಗಿಲಿನ ಬಸ್ಸಿನಲ್ಲಿ ರತ್ನ ಕಿಟಕಿಯ ಕಡೆ ನೋಡುತ್ತ, “ಆ ಸಾಹೇಬ್ರನ್ನೂ ಕಳ್ಳ ಅಂದ್ರಲ್ರೀ,” ಎಂದಳು. ಕಳ್ಳ ಎಂಬ ಪದವನ್ನು ನಾನು ಬಳಸಿರಲೇ ಇಲ್ಲವೆಂದು ವಿವರಿಸಿದೆ.

ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ಟಿ.ವಿ. ಇತ್ತು. ಹೊರಗಿನ ಮಂಟಪದಲ್ಲಿ ವೇಣುಗೋಪಾಲ ಬಿಳಿಯ ವಸ್ತ್ರ ಹೊದ್ದು ಮಲಗಿದ್ದ. ಪಕ್ಕದಲ್ಲಿ, ವಿಗ್ರಹವನ್ನು ಧಾನ್ಯದಲ್ಲಿ ಮುಚ್ಚಿಡುವ ಧಾನ್ಯಾಧಿವಾಸಕ್ಕೆಂದು, ಭತ್ತದ ಮೂಟೆಗಳು; ಭತ್ತ ಸುರಿಯುವುದೋ, ಬಾವಿಗೆ ಹಗ್ಗ ತರುವುದೋ ಎಂಬುದು ತೀರ್ಮಾನವಾಗಬೇಕಿತ್ತು. ಊರಿನ ಮೂವತ್ತು ನಲವತ್ತು ಜನ ಕುಳಿತಿದ್ದರು. ನಾಗ ಗೋಡೆಗೆ ಒರಗಿ ನಿಂತಿದ್ದ. ಅವನ ಕೈಗಳು ಮಾತ್ರ ಒಂದನ್ನೊಂದು ಉಜ್ಜುತ್ತಿದ್ದವು. ಅರ್ಚಕರು ಬಾಗಿಲ ಬಳಿ ಮಡಿಯಲ್ಲಿ ನಿಂತಿದ್ದರು. “ಬನ್ನಿ ಮೇಷ್ಟ್ರೆ,” ಎಂದ ಚಿಕ್ಕಮುನಿಯಪ್ಪ, ಅದೇ ಕೆಂಪು ಟವೆಲನ್ನು ಕೊಡವುತ್ತ. “ಬಾಮೈದುನ್ ಪರವಾಗಿ ಬಾವ ತಂದಿರೋ ಸಾಕ್ಷಿ. ನೋಡೇಬಿಡಾನ.”

ಕೆಂಪು, ಬಿಳಿ, ಹಳದಿ ವೈರುಗಳನ್ನು ಸಿಕ್ಕಿಸಿದೆ. ಡಿಸ್ಕು ಗೊರಗುಟ್ಟಿತು. ಪರದೆಯ ತುಂಬ ಗೋಣಿಚೀಲ ಕಾಣಿಸಿತು.

“ದೇವ್ರೆಲ್ಲಿ?” ಎಂದಿತು ಒಂದು ಹೆಣ್ಣು ದನಿ.

“ಗೋಣಿ ಒಳಗೆ ಇರ್ಬೇಕು ಕಣೇ, ಸುಮ್ಕಿರು.”

ಅಷ್ಟರಲ್ಲಿ ಟಿ.ವಿ.ಯಿಂದ ಶುದ್ಧವಾದ, ಗಂಭೀರವಾದ, ಭವನದ ಮೂಲೆಮೂಲೆಗೂ ಮುಟ್ಟುವ ಪುರುಷ ದನಿಯೊಂದು ಹೊರಟಿತು. ಅದು ನನ್ನದೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. “ಸ್ಥಳ, ಶಿವಾರಪಟ್ಟಣ. ಕಾರ್ಯ, ವಿಗ್ರಹ ಪರೀಕ್ಷೆ. ಬೈರಕೂರಿನಿಂದ ಬಂದವರು ನಾಲ್ವರು. ನಾಲ್ವರಲ್ಲಿ ಒಬ್ಬನ ದೃಷ್ಟಿ ನನ್ನ ಕ್ಯಾಮೆರಾದ ಚೀಲದ ಮೇಲೆಯೇ ಇದೆ. ಕೆಂಪು ಟವೆಲಿನವನು ಹಿರಿಯನಂತೆ. ಹಿರಿತನ ತಲೆಗೂದಲಿನಲ್ಲಿ ಕಾಣುತ್ತದೆ. ಬೇರೆಲ್ಲೂ ಈವರೆಗೆ ಕಂಡಿಲ್ಲ.”

ನನ್ನ ಕೈ ತಾನಾಗಿಯೇ ಟಿ.ವಿ.ಯ ಗುಂಡಿಯ ಕಡೆ ಚಾಚಿತು. ನಾಗ ಬಂದು ಮಣಿಕಟ್ಟನ್ನು ಹಿಡಿದ. ಎಂಟು ತಿಂಗಳು ಕಲ್ಲು ಕಡೆದ ಕೈ, ಬಿಡಿಸಿಕೊಳ್ಳಲಾಗಲಿಲ್ಲ. “ಮುಟ್ಬೇಡಿ ಬಾವಾ,” ಎಂದ ಮೆಲ್ಲಗೆ. “ಮೊಣಕೈ ಇನ್ನೂ ಬಂದಿಲ್ಲ.”

ಹೀಗೆ ನಾನು ನನ್ನ ಕ್ಯಾಮೆರಾದ ಪಕ್ಕದಲ್ಲಿ ನಿಂತು ಕೇಳಿದೆ. ಠಣ್ ಎಂದು ಸುತ್ತಿಗೆ, “ಎದೆ. ನಾದವಿದೆ,” ಎಂದು ನಾನು. ಠಣ್, “ಎಡ ಭುಜ. ನಾದವಿದೆ. ಗೋಣಿಯ ಕೆಳಗೆ ಏನನ್ನು ಅಡಗಿಸಿದ್ದಾನೋ.” ಠಣ್, “ಎಡ ಮೊಣಕೈ. ನಾದವಿದೆ. ನೀಲಿ ಅಂಗಿಯವನು ತಲೆಯಾಡಿಸುತ್ತಿದ್ದಾನೆ; ಏನೂ ಅರ್ಥವಾಗದವರು ಆಡಿಸುವ ರೀತಿ.” ಮೂರನೆಯ ಸಾಲಿನಲ್ಲಿ ನೀಲಿ ಅಂಗಿಯವನು ಅದೇ ನೀಲಿ ಅಂಗಿಯಲ್ಲಿ ಕುಳಿತಿದ್ದ. ದೂರದಿಂದ ಚಿಕ್ಕಮುನಿಯಪ್ಪನ ಫೋನಿನ ಮಾತು ಕೇಳಿಸಿತು: “ಏನ್ಲಾ, ಇವತ್ತೆಷ್ಟು ಹೋಯ್ತು ಬಾಕ್ಸು?” ಅದರ ಮೇಲೆ ನನ್ನ ದನಿ: “ಕೆಂಪು ಟವೆಲು ಹೊರಗೆ ಹೋಗುತ್ತಿದೆ. ಪರೀಕ್ಷೆಯ ಮಧ್ಯೆ ಹೊರಗೆ ಹೋಗುವವನು ನಾಳೆ ಬಂದು, ನಾನು ನೋಡಲಿಲ್ಲ, ಕೇಳಲಿಲ್ಲ ಎಂದು ತಕರಾರು ತೆಗೆಯುತ್ತಾನೆ. ಇದನ್ನು ಬರೆದಿಟ್ಟುಕೊಳ್ಳತಕ್ಕದ್ದು.”

ಯಾರೋ ಕಿಸಕ್ಕೆಂದರು. ಚಿಕ್ಕಮುನಿಯಪ್ಪ ಟವೆಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಆಮೇಲೆ ಬಂದಿತು. ಠಣ್. ಠಣ್. ಠಣ್. “ಬಲ ಮೊಣಕೈ. ಮೂರು ಸಲ ತಟ್ಟಿದ. ಬೇರೆಲ್ಲ ಕಡೆ ಒಂದೇ ಸಲ, ಇಲ್ಲಿ ಮೂರೇಕೆ? ನಾಗನಿಗೇ ಇಲ್ಲಿ ಅನುಮಾನವಿದೆ. ಭಾವಮೈದನೆಂದು ನಾನು ಕಣ್ಣು ಮುಚ್ಚುವವನಲ್ಲ. ಇವನು ಮಾತು ಕಡಿಮೆ, ಮುಚ್ಚುಮರೆ ಹೆಚ್ಚು. ಬಿರುಕೇನಾದರೂ ಇದ್ದರೆ ಇವರ ಎದುರಿಗೇ ಎದ್ದು ನಿಂತು ಹೇಳಿಬಿಡಬೇಕು.” ಇಲ್ಲಿ ಒಂದು ದೀರ್ಘವಾದ ಮೌನ. ಠಣ್ ಎಂದು ನಾಲ್ಕನೆಯ ಸಲ. ಆ ನಾದ ಭವನದಲ್ಲಿ ಎಳೆದುಕೊಂಡು ಹೋಗಿ ನಿಧಾನವಾಗಿ ಅಡಗಿತು. ನನ್ನ ದನಿ, ತುಸು ನಿರಾಶೆಯಿಂದ: “ಇಲ್ಲ. ಗಂಟೆಯಂತಿದೆ.”

ನಾಗ ನನ್ನ ಮಣಿಕಟ್ಟನ್ನು ಬಿಟ್ಟ. ಅರ್ಚಕರು ಎಲ್ಲರಿಗಿಂತ ಮೊದಲು ಮಾತನಾಡಿದರು. “ನಾದ ಶುದ್ಧವಾಗಿದೆ. ಗೆರೆ ಕಲ್ಲಿನ ನರವೇ ಇರ್ಬೇಕು.” ನೀಲಿ ಅಂಗಿಯವನು ಎದ್ದು, “ಅದು ಮೊಣಕೈನೇ ಅಂತ ಹೆಂಗ್ ನಂಬೋದು? ಚಿತ್ರದಲ್ಲಿ ಬರೀ ಗೋಣಿ ಐತೆ. ಬಾವ ಬಾಮೈದ ಸೇರ್ಕೊಂಡು ಹೇಳಿದ್ರೆ?” ಎಂದ.

ಚಿಕ್ಕಮುನಿಯಪ್ಪ ಅವನನ್ನು ಕೂರಿಸಿದ. “ಏಯ್, ಕೂತ್ಕೊಳ್ಳಲೇ. ಸೇರ್ಕೊಂಡಿರೋರು ಹಿಂಗ್ ಬೈಕೋತಾರಾ? ನನ್ನ ಬೈದವ್ನೆ, ನಿನ್ನ ಬೈದವ್ನೆ, ಸ್ವಂತ ಬಾಮೈದುನ್ನೂ ಬಿಟ್ಟಿಲ್ಲ. ಬಿರುಕು ಸಿಗ್ಲಿ ಅಂತ ಕಾಯ್ಕೊಂಡು ಕೂತಿದ್ದ ಮನ್ಸ, ಸಿಗ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡವ್ನೆ. ಇವ್ನು ನಾದ ಐತೆ ಅಂದ್ರೆ ಐತೆ ಕಣ್ರಪ್ಪ. ಸುರೀರಿ ಭತ್ತ.”

ಭತ್ತ ಸುರಿಯುವ ಸದ್ದು ಹೊರಗೆ ಮಳೆಯಂತೆ ಕೇಳಿಸಿತು. ನಾಗ ಗೋಡೆಗೆ ತಲೆಯಾನಿಸಿ ಕಣ್ಣು ಒರೆಸಿಕೊಂಡ. ಜನ ಎದ್ದು ಹೋಗುವಾಗ ಒಬ್ಬೊಬ್ಬರೂ ನನ್ನನ್ನು ಒಮ್ಮೆ ನೋಡಿಯೇ ಹೋದರು. ಒಬ್ಬ ಮುದುಕಿ, “ಬೈಯೋದು ಎಷ್ಟು ಚೆನ್ನಾಗಿ ಬೈತಾನೆ, ರೇಡಿಯೋ ಇದ್ದಂಗೆ,” ಎಂದಳು. ಚಿಕ್ಕಮುನಿಯಪ್ಪ ಹತ್ತಿರ ಬಂದು, “ಅದ್ಸರಿ ಆಚಾರ್ರೆ, ಗೋಣಿ ಅಡಿ ಏನಿತ್ತು?” ಎಂದು ನಾಗನನ್ನು ಕೇಳಿದ.

“ಕುರ್ಚಿ,” ಎಂದ ನಾಗ. “ಬಾವ ಬರ್ತಾರೆ, ಕಲ್ಪುಡಿ ಬೀಳ್ದೇ ಇರ್ಲಿ ಅಂತ ಮುಚ್ಚಿಟ್ಟಿದ್ದೆ. ಅವ್ರು ಕೂತ್ಕೊಳ್ಳೇ ಇಲ್ಲ.”

ಬೈರಕೂರಿನಿಂದ ಮಾಲೂರಿನವರೆಗೆ ರತ್ನ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ. ತಮ್ಮನ ಹೆಸರು ಉಳಿದ ಸಂತೋಷಕ್ಕೆ ಮಾತು ಹೊರಡುತ್ತಿಲ್ಲವೆಂದು ನಾನು ಮೊದಲು ತಿಳಿದೆ. ಮನೆಯ ಬೀಗ ತೆಗೆಯುವಾಗ ಅವಳು ಕೇಳಿದ ಪ್ರಶ್ನೆ ಒಂದೇ: “ಎಪ್ಪತ್ತಮೂರು ಡಿಸ್ಕಲ್ಲೂ ಹಿಂಗೇನಾ?”

ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ಬಾಯಿಯಲ್ಲಿ ಆಡಿದ್ದಕ್ಕೂ ಇರುವ ಗಡಿಯ ಬಗ್ಗೆ ನನಗೆ ಈಗ ಯಾವ ಭರವಸೆಯೂ ಉಳಿದಿರಲಿಲ್ಲ. ಕ್ಯಾಮೆರಾ ಬೈರಕೂರಿನಲ್ಲಿ ತುಂಬ ಬಿಸಿಯಾಯಿತು, ಇನ್ನು ಓಡುವುದು ಕಷ್ಟ ಎಂದೆ. ಅವಳು ನನ್ನನ್ನು ದೀರ್ಘವಾಗಿ ನೋಡಿದಳು. ನೋಟಗಳ ವಿಷಯದಲ್ಲಿ ನಾನು ಅನುಭವಸ್ಥ. ಅದು ನಂಬಿದವರ ನೋಟವಾಗಿರಲಿಲ್ಲ.

ಇದನ್ನು ನಾನು ಬರೆಯುತ್ತಿರುವುದು ಒಳಕೋಣೆಯಲ್ಲಿ. ನಡುಮನೆಯಲ್ಲಿ ರತ್ನ ಮೂರು ವೈರುಗಳನ್ನು ತಾನೇ ಸಿಕ್ಕಿಸಿದ್ದಾಳೆ. ಬೈರಕೂರಿನಲ್ಲಿ ನಾನು ಸಿಕ್ಕಿಸುವುದನ್ನು ನೋಡಿಕೊಂಡಿದ್ದಳಂತೆ. ದಾಖಲೆಯ ಪುಸ್ತಕ ಅವಳ ತೊಡೆಯ ಮೇಲಿದೆ, ಅಕ್ಷರಗಳು ಸ್ಫುಟವಾಗಿರುವುದರಿಂದ ಬೇಕಾದ ಡಿಸ್ಕು ಹುಡುಕಲು ಅವಳಿಗೆ ಯಾವ ತೊಂದರೆಯೂ ಆಗಿಲ್ಲ. ಹನ್ನೊಂದನೆಯದು ನಡೆಯುತ್ತಿದೆ: ಶ್ರೀನಿವಾಸಪುರದಲ್ಲಿ ಅವಳ ಅಕ್ಕನ ಮನೆಯ ಗೃಹಪ್ರವೇಶ. ಅಕ್ಕನನ್ನೂ ಫೋನು ಮಾಡಿ ಕರೆಸಿಕೊಂಡಿದ್ದಾಳೆ. “ಸ್ಥಳ, ಶ್ರೀನಿವಾಸಪುರ,” ಎಂದು ನನ್ನ ದನಿ ಆರಂಭಿಸಿದೆ. ಬಾಗಿಲು ಹಾಕಿಕೊಂಡಿದ್ದರೂ ಒಂದೊಂದು ಪದವೂ ಬಿಡಿಬಿಡಿಯಾಗಿ ಇಲ್ಲಿಗೆ ಬಂದು ಮುಟ್ಟುತ್ತಿದೆ. ಹ್ರಸ್ವ ಹ್ರಸ್ವವಾಗಿದೆ, ದೀರ್ಘ ದೀರ್ಘವಾಗಿದೆ, ಒಂದು ಒತ್ತಕ್ಷರವನ್ನೂ ನುಂಗಿಲ್ಲ. ತಪ್ಪಾಗಿ ಕೇಳಿಸಿತೆಂದು ಹೇಳಲು ನನಗೆ ನಾನೇ ಎಲ್ಲಿಯೂ ಅವಕಾಶ ಉಳಿಸಿಕೊಂಡಿಲ್ಲ.